ಹೆಸರು ಮಾಡಿದವರು ಹೇಳಿಕೊಳ್ಳಬೇಕಾ?

2023ರ ಜನವರಿ 18ರಂದು ಸುಪ್ರೀಂ ಕೋರ್ಟಿನ ಕೊಲಿಜಿಯಂ, ಅಂದರೆ ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಒಂದು ಹೇಳಿಕೆ ಹೊರಡಿಸಿತು. ನ್ಯಾಯಮೂರ್ತಿಗಳ ನೇಮಕದಲ್ಲಿ ಒಳಗಿನ ಕಾರಣಗಳನ್ನು ಅಷ್ಟು ಬಿಡಿಸಿ ಹೇಳುವುದು ಅಪರೂಪ. ಅವತ್ತು ಹೇಳಿದರು. ವಿಷಯ ದೆಹಲಿಯ ಹಿರಿಯ ವಕೀಲ ಸೌರಭ್ ಕಿರ್ಪಾಲ್ ಅವರದು. ದೆಹಲಿ ಹೈಕೋರ್ಟಿನ ಕೊಲಿಜಿಯಂ 2017ರ ಅಕ್ಟೋಬರ್‌ನಲ್ಲೇ ಅವರನ್ನು ನ್ಯಾಯಮೂರ್ತಿ ಮಾಡಬೇಕೆಂದು ಒಮ್ಮತದಿಂದ ಶಿಫಾರಸು ಮಾಡಿತ್ತು. ಸುಪ್ರೀಂ ಕೋರ್ಟಿನ ಕೊಲಿಜಿಯಂ ಅದಕ್ಕೆ ಹೂಂ ಅಂದದ್ದು 2021ರ ನವೆಂಬರ್‌ನಲ್ಲಿ. ಮತ್ತೊಂದು ವರ್ಷ ಕಳೆದ ಮೇಲೆ ಕೇಂದ್ರ ಸರ್ಕಾರ ಕಡತವನ್ನು ವಾಪಸ್ ಕಳಿಸಿತು.

ಕಾರಣ ಎರಡು. ಗುಪ್ತಚರ ಸಂಸ್ಥೆ ‘ರಾ’ 2019ರಲ್ಲಿ ಮತ್ತು 2021ರಲ್ಲಿ ಬರೆದ ಪತ್ರಗಳಲ್ಲಿ ಇದ್ದದ್ದು ಇವೇ. ಅವರ ಸಂಗಾತಿ ಸ್ವಿಟ್ಜರ್‌ಲೆಂಡ್ ಪ್ರಜೆ. ಮತ್ತು ಅವರು ತಾವು ಗೇ ಎಂಬುದನ್ನು ಮುಚ್ಚಿಡದೆ ಬದುಕುತ್ತಿದ್ದಾರೆ.

ಎರಡನೆಯದನ್ನು ಇನ್ನೊಂದು ಸಲ ಓದಿ. ಸಲಿಂಗಿಗಳನ್ನು ದೊಡ್ಡ ಹುದ್ದೆಗೆ ತರಬಾರದು ಅನ್ನುವುದಕ್ಕೆ ಹಿಂದೆ ಸರ್ಕಾರಗಳು ಕೊಡುತ್ತಿದ್ದ ಕಾರಣ ಇದಕ್ಕೆ ಸರಿ ಉಲ್ಟಾ ಇತ್ತು. ಅಮೆರಿಕದಲ್ಲಿ 1953ರಿಂದ ಸರ್ಕಾರಿ ಕೆಲಸದಲ್ಲಿದ್ದ ಸಾವಿರಾರು ಜನರನ್ನು ಇದೇ ಹೆಸರಿನಲ್ಲಿ ಮನೆಗೆ ಕಳಿಸಿದರು. ಇವರಿಗೆ ಗುಟ್ಟಿದೆ, ಗುಟ್ಟಿದ್ದವರನ್ನು ಶತ್ರುಗಳು ಬೆದರಿಸಿ ಬಳಸಿಕೊಳ್ಳಬಹುದು ಅನ್ನುವುದು ಅವರ ವಾದ. ಇಲ್ಲಿ ನೋಡಿದರೆ ಗುಟ್ಟೇ ಇಲ್ಲದ ಮನುಷ್ಯನಿಗೆ ಗುಟ್ಟಿಲ್ಲ ಅನ್ನುವುದೇ ಅಡ್ಡಿ. ಮುಚ್ಚಿಟ್ಟರೆ ಅಪಾಯಕಾರಿ, ಮುಚ್ಚಿಡದಿದ್ದರೆ ಅನರ್ಹ. ಹಾಗಾದರೆ ಆತ ಹೇಗಿರಬೇಕಿತ್ತು?

ಕೊಲಿಜಿಯಂ ಕೊಟ್ಟ ಉತ್ತರ ನನಗೆ ಬಹಳ ಇಷ್ಟವಾಯಿತು. ಸಂವಿಧಾನಾತ್ಮಕ ಹುದ್ದೆಗಳಲ್ಲಿ ಇರುವವರ, ಇದ್ದವರ ಪೈಕಿ ಎಷ್ಟೋ ಜನರ ಗಂಡ ಅಥವಾ ಹೆಂಡತಿ ವಿದೇಶಿಯರು ಎಂದು ನೆನಪಿಸಿತು. ಕಿರ್ಪಾಲ್ ತಮ್ಮ ಬಗ್ಗೆ ಮುಚ್ಚುಮರೆ ಮಾಡದಿರುವುದು ಅವರಿಗೆ ಹೆಗ್ಗಳಿಕೆಯೇ ಹೊರತು ಕೊರತೆಯಲ್ಲ ಎಂದಿತು. ಆದರೆ ಅದೇ ಹೇಳಿಕೆಯಲ್ಲಿ ಒಂದು ಬುದ್ಧಿಮಾತೂ ಇತ್ತು. ಕಡತ ವಾಪಸ್ ಬಂದ ಕಾರಣಗಳ ಬಗ್ಗೆ ಅವರು ಪತ್ರಿಕೆಗಳ ಜೊತೆ ಮಾತಾಡದಿದ್ದರೆ ಒಳ್ಳೆಯದಿತ್ತು ಎಂದು. ಅದನ್ನೇ ದೋಷ ಅನ್ನಬೇಡಿ ಅಂತಲೂ ಸೇರಿಸಿದರು. ಹೊಗಳಿಕೆ ಮತ್ತು ಎಚ್ಚರಿಕೆ ಒಂದೇ ಕಾಗದದಲ್ಲಿ. ಕಡತ ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ಅಲ್ಲಾಡಲಿಲ್ಲ.

ಹೆಸರು ಮಾಡಿದ ಗೇ, ಲೆಸ್ಬಿಯನ್ ವ್ಯಕ್ತಿಗಳು ಅದನ್ನು ಎಲ್ಲರೆದುರು ಹೇಳಿಕೊಳ್ಳಬೇಕಾ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ಈ ಕಡತ ನೆನಪಾಗುತ್ತದೆ. ನಾನೂ ಗೇ. ಹೆಸರು ಮಾಡಿದವನಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ, ತಿಪಟೂರು ಕಡೆಯ ಒಬ್ಬ ಸಾಮಾನ್ಯ ಮನುಷ್ಯ. ನನ್ನಂಥವರಿಗೆ ಈ ಪ್ರಶ್ನೆ ಸುಮ್ನೆ ಟೀ ಕುಡಿಯುತ್ತಾ ಮಾಡುವ ಚರ್ಚೆಯಲ್ಲ.

ಸಾಮಾನ್ಯವಾಗಿ ಕೇಳಿಬರುವ ಮಾತು ಹೀಗಿರುತ್ತದೆ: ‘ಅವರವರ ಮಲಗುವ ಕೋಣೆಯ ವಿಷಯ ಅವರವರಿಗೆ. ನಾವೇನು ಹೇಳ್ಕೊಂಡು ತಿರುಗ್ತೀವಾ?’

ಹೌದು, ತಿರುಗುತ್ತೀರಿ. ತಪ್ಪು ಅನ್ನುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಹೊಸ ಮಂತ್ರಿ ಪ್ರಮಾಣ ವಚನ ತೆಗೆದುಕೊಂಡ ಮಾರನೇ ದಿನ ಪೇಪರಿನಲ್ಲಿ ಹೆಂಡತಿ ಸಿಹಿ ತಿನ್ನಿಸುವ ಫೋಟೋ ಬರುತ್ತದೆ. ಕ್ರಿಕೆಟಿಗ ಶತಕ ಹೊಡೆದರೆ ಕ್ಯಾಮೆರಾ ನೇರವಾಗಿ ಗ್ಯಾಲರಿಯಲ್ಲಿರುವ ಹೆಂಡತಿಯ ಕಡೆ ಹೋಗುತ್ತದೆ. ನಟನ ಮದುವೆ, ಸೀಮಂತ, ಮಗುವಿನ ನಾಮಕರಣ ಎಲ್ಲ ಸುದ್ದಿಯೇ. ಆಫೀಸಿಗೆ ಹೊಸಬರು ಸೇರಿದರೆ ಊಟದ ಹೊತ್ತಿಗೆ ಊರು, ಮದುವೆ, ಮಕ್ಕಳು ಮೂರೂ ವಿಚಾರಣೆ ಆಗಿರುತ್ತದೆ. ಇದ್ಯಾವುದನ್ನೂ ನಾವು ಮಲಗುವ ಕೋಣೆಯ ವಿಷಯ ಅನ್ನುವುದಿಲ್ಲ, ಬದುಕು ಅನ್ನುತ್ತೇವೆ. ಒಬ್ಬ ಗಂಡಸು ‘ಇವನು ನನ್ನ ಸಂಗಾತಿ’ ಎಂದ ಕೂಡಲೇ ಮಾತ್ರ ಅದು ಮಲಗುವ ಕೋಣೆಗೆ ಹೋಗಿಬಿಡುತ್ತದೆ. ಅಲ್ಲಿಗೆ ಕಳಿಸುವವರು ಕೇಳಿಸಿಕೊಂಡವರೇ ಹೊರತು ಹೇಳಿದವನಲ್ಲ.

ಹೇಳಿಕೊಳ್ಳದೆ ಇದ್ದರೆ ಏನು ನಷ್ಟ ಅನ್ನುವುದಕ್ಕೆ ನಮ್ಮ ದೇಶದ ಕಾನೂನಿನ ಕಥೆಯಲ್ಲೇ ಉತ್ತರವಿದೆ.

2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಆ ತೀರ್ಪಿನ ಎರಡು ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು, ದೇಶದ ಜನಸಂಖ್ಯೆಯಲ್ಲಿ ಇಂಥವರು ತೀರಾ ಸಣ್ಣ ಪಾಲು. ಇನ್ನೊಂದು, ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಈ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಅಡಿ ವಿಚಾರಣೆ ಎದುರಿಸಿದವರು 200ಕ್ಕಿಂತ ಕಡಿಮೆ.

ಅಂದರೆ, ಕಾಣದಿದ್ದದ್ದೇ ಸಾಕ್ಷಿಯಾಯಿತು. ಹೇಳಿಕೊಂಡರೆ ಜೈಲು, ಒದೆ, ಮರ್ಯಾದೆ ಹೋಗುವ ಭಯ. ಹಾಗಾಗಿ ಯಾರೂ ಹೇಳಿಕೊಳ್ಳಲಿಲ್ಲ. ಯಾರೂ ಹೇಳಿಕೊಳ್ಳದ್ದರಿಂದ ಇವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದು ಲೆಕ್ಕ ಹಾಕಿದರು.

ಅಮೆರಿಕದಲ್ಲೂ ಹೀಗೇ ಒಂದು ಪ್ರಕರಣ ನಡೆದಿತ್ತು. 1986ರಲ್ಲಿ ಜಾರ್ಜಿಯಾ ರಾಜ್ಯದ ಇಂಥದ್ದೇ ಕಾನೂನು ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬಂತು. ಐದಕ್ಕೆ ನಾಲ್ಕು ಮತಗಳಿಂದ ಕಾನೂನು ಉಳಿಯಿತು. ಕೊನೆಗೆ ತಕ್ಕಡಿ ವಾಲಿಸಿದ್ದು ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಅವರ ಮತ. ‘ನಾನು ಜೀವನದಲ್ಲಿ ಒಬ್ಬ ಸಲಿಂಗಿಯನ್ನೂ ನೋಡಿಲ್ಲ’ ಎಂದು ಆ ದಿನಗಳಲ್ಲಿ ಅವರು ತಮ್ಮ ಸಹಾಯಕನೊಬ್ಬನಿಗೆ ಹೇಳಿದ್ದರು. ಎದುರು ಕೂತು ಕೇಳಿಸಿಕೊಳ್ಳುತ್ತಿದ್ದ ಆ ಯುವ ವಕೀಲನೇ ಗೇ. ಅವನು ಬಾಯಿ ಬಿಡಲಿಲ್ಲ. 1990ರಲ್ಲಿ, ನಿವೃತ್ತರಾದ ಮೇಲೆ, ಪೊವೆಲ್ ಆ ಮತದ ಬಗ್ಗೆ ತಾವು ಬಹುಶಃ ತಪ್ಪು ಮಾಡಿದೆವು ಎಂದು ಒಪ್ಪಿಕೊಂಡರು. ಆ ತೀರ್ಪು ಬಿದ್ದುಹೋಗಲು 2003ರ ತನಕ ಕಾಯಬೇಕಾಯಿತು.

ಆ ಯುವಕನನ್ನು ದೂರಲು ನನಗೆ ಬಾಯಿಲ್ಲ. ಆ ಜಾಗದಲ್ಲಿ ನಾನೂ ಕೂತಿದ್ದೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ 377ರ ಆ ಭಾಗವನ್ನು ತೆಗೆದುಹಾಕಿದ ದಿನ ನಾನು ಆಫೀಸ್ ಕ್ಯಾಂಟೀನಿನಲ್ಲಿದ್ದೆ. ಟಿವಿಯಲ್ಲಿ ಬಣ್ಣಬಣ್ಣದ ಬಾವುಟ, ಅಳುತ್ತಾ ನಗುವ ಮುಖಗಳು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ನಿಜವಾಗಿ ಒಳ್ಳೆಯ ಮನುಷ್ಯ. ನನಗೆ ಡೆಂಗಿ ಬಂದಾಗ ಆಸ್ಪತ್ರೆಯಲ್ಲಿ ರಾತ್ರಿ ಕೂತವನು. ಅವನು ಅನ್ನ ಕಲಸುತ್ತಾ, ‘ಇವೆಲ್ಲ ಬಾಂಬೆ, ದೆಹಲಿ ಕಡೆ ಗುರು. ನಮ್ ಕಡೆ ಇಂಥವ್ರು ಎಲ್ಲವ್ರೆ?’ ಎಂದ. ಅದರಲ್ಲಿ ದ್ವೇಷ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಮಜ್ಜಿಗೆ ಲೋಟ ನನ್ನ ಕಡೆ ಸರಿಸಿ ಮಾತು ಬೇರೆ ಕಡೆ ತಿರುಗಿಸಿದ.

ಆ ತೀರ್ಪು ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಗಮನಿಸಬೇಕು. ಅದಕ್ಕೆ ಮೊದಲಿನ ಹೋರಾಟ ನಡೆಸಿದ್ದು ಮುಖ್ಯವಾಗಿ ಏಡ್ಸ್ ತಡೆಗೆ ದುಡಿಯುತ್ತಿದ್ದ ಒಂದು ಸಂಸ್ಥೆ. 2016ರಲ್ಲಿ ಐವರು ತಮ್ಮದೇ ಹೆಸರಿನಲ್ಲಿ ಕೋರ್ಟಿಗೆ ಹೋದರು. ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್, ಪತ್ರಕರ್ತ ಸುನಿಲ್ ಮೆಹ್ರಾ, ಅಡುಗೆಯಲ್ಲಿ ಹೆಸರು ಮಾಡಿದ ರಿತು ದಾಲ್ಮಿಯಾ, ಹಳೇ ಕೋಟೆಗಳನ್ನು ಹೋಟೆಲ್ ಮಾಡಿದ ಅಮನ್ ನಾಥ್, ಉದ್ಯಮಿ ಆಯೇಷಾ ಕಪೂರ್. ಈ ಕಾನೂನಿನಿಂದ ನಮಗೆ, ನಮ್ಮ ಬದುಕಿಗೆ ಪೆಟ್ಟಾಗಿದೆ ಎಂದು ಬರೆದು ಸಹಿ ಹಾಕಿದರು. ಕಾನೂನು ಇನ್ನೂ ಜಾರಿಯಲ್ಲಿತ್ತು. ಕೋರ್ಟಿನಲ್ಲಿ ಕೊಟ್ಟ ಅರ್ಜಿಯೇ ಒಂದು ಲೆಕ್ಕದಲ್ಲಿ ಅಪರಾಧದ ಒಪ್ಪಿಗೆ. ಅಂಥ ಹೊತ್ತಿನಲ್ಲಿ ಸಹಿ ಹಾಕಲು ಧೈರ್ಯ ಬೇಕು. ಜೊತೆಗೆ ದುಡ್ಡು, ಸ್ವಂತ ಮನೆ, ಒಳ್ಳೆಯ ವಕೀಲರೂ ಬೇಕು. ಅವರಿಗೆ ಅವಿದ್ದವು. ಇದ್ದದ್ದನ್ನು ಎಲ್ಲರಿಗಾಗಿ ಬಳಸಿದರು. ಅವರ ಪರ ವಾದಿಸಿದ ಮೇನಕಾ ಗುರುಸ್ವಾಮಿ ಮತ್ತು ಅರುಂಧತಿ ಕಾಟ್ಜು ತಾವೂ ಜೋಡಿ ಎಂದು 2019ರಲ್ಲಿ ಹೇಳಿಕೊಂಡರು. 2013ರ ಸೋಲು ತಮಗೆ ವೈಯಕ್ತಿಕ ಸೋಲೂ ಆಗಿತ್ತು ಎಂದರು. ಕರಿ ಕೋಟಿನ ಒಳಗೆ ಎಷ್ಟು ಭಾರ ಹೊತ್ತು ವಾದ ಮಾಡಿರಬೇಕು ಆ ಇಬ್ಬರು!

ನಡುವೆ ಇನ್ನೊಬ್ಬರನ್ನು ನೆನೆಯಬೇಕು. 2013ರ ತೀರ್ಪಿನ ನಂತರ ಲೇಖಕ ವಿಕ್ರಮ್ ಸೇಠ್ ‘ಅಪರಾಧಿಯಲ್ಲ’ ಎಂಬ ಬರಹದ ಸ್ಲೇಟು ಹಿಡಿದು ಒಂದು ವಾರಪತ್ರಿಕೆಯ ಮುಖಪುಟಕ್ಕೆ ಬಂದರು. ಮುಂದಿನ ತಿಂಗಳು ಅವರ ಅಮ್ಮ ಬರೆದರು. ಆ ಅಮ್ಮ ಲೀಲಾ ಸೇಠ್, ದೇಶದಲ್ಲಿ ಹೈಕೋರ್ಟೊಂದರ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆ. ತಾಯಿಯಾಗಿಯೂ ನ್ಯಾಯಮೂರ್ತಿಯಾಗಿಯೂ ಬರೆಯುತ್ತಿದ್ದೇನೆ ಎಂದು ಹೇಳಿ, ಕಾನೂನಿನ ಕಣ್ಣಲ್ಲಿ ತಮ್ಮ ಹಿರಿಯ ಮಗ ಈಗ ಅಪರಾಧಿ ಎಂದರು. ಮಗ ಮೊದಲು ಹೇಳಿಕೊಂಡಿದ್ದಕ್ಕೆ ಅಮ್ಮನಿಗೆ ಹೀಗೆ ನಿಂತು ಮಾತಾಡಲು ಜಾಗ ಸಿಕ್ಕಿತು.

ಈಗ ನನ್ನ ಅಮ್ಮನ ವಿಷಯ.

2019ರ ಮೇ ತಿಂಗಳಲ್ಲಿ ನಾನು ಊರಿಗೆ ಹೋಗಿದ್ದೆ. ಹಜಾರದಲ್ಲಿ ಅಮ್ಮ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ಕೆಳಗೆ ಹಾಸಿದ್ದ ಹಳೇ ಪೇಪರಿನಲ್ಲಿ ಓಟಗಾರ್ತಿ ದ್ಯುತಿ ಚಂದ್ ಫೋಟೋ. ಅಮ್ಮ ಹಣ್ಣನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು ಓದತೊಡಗಿದಳು. ಹಾಳೆಗೆ ನಾರು ಅಂಟಿತ್ತು, ಅದನ್ನು ಉಗುರಲ್ಲಿ ಕೆರೆದು ಕೆರೆದು ಓದಿದಳು. ‘ಇದೇನೋ ಇದು, ಈ ಓಡೋ ಹುಡುಗಿ ಇನ್ನೊಂದು ಹುಡುಗಿ ಜೊತೇಲಿ ಬಾಳ್ತೀನಿ ಅಂದವಳಂತೆ. ನೇಯೋರ ಮನೆ ಹುಡುಗಿಯಂತೆ ಪಾಪ.’ ನಾನು ಸುಮ್ಮನಿದ್ದೆ. ಅಮ್ಮ ಮತ್ತೆ ಬೀಜ ಬಿಡಿಸಲು ಶುರು ಮಾಡಿದಳು. ಹಿಂದೆ ನೋಡಿದ ಹೆಣ್ಣುಗಳಿಗೆಲ್ಲ ನಾನು ಬೇಡ ಅಂದದ್ದು, ಒಂದೊಂದಕ್ಕೂ ಒಂದೊಂದು ನೆಪ ಹೇಳಿದ್ದು ಅವಳ ತಲೆಯಲ್ಲಿ ಓಡುತ್ತಿತ್ತು ಅಂತ ಕಾಣುತ್ತದೆ. ತಲೆ ಎತ್ತದೆ ಕೇಳಿದಳು: ‘ನೀನೂ ಹಿಂಗೇನಾ?’

ಹೂಂ ಅಂದೆ.

ಅವಳು ಕೇಳಿದ ಮುಂದಿನ ಪ್ರಶ್ನೆ ನಾನು ಊಹಿಸದೆ ಇದ್ದದ್ದು. ‘ಈ ಹುಡುಗಿ ಅವ್ವ ಏನಂದ್ಲಂತೆ?’ ಪೇಪರಿನಲ್ಲೇ ಇತ್ತು, ಅವರಮ್ಮನಿಗೆ ಒಪ್ಪಿಗೆ ಇಲ್ಲವಂತೆ ಎಂದು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅವಳೂ ಊರಲ್ಲಿ ಬಾಳ್ಬೇಕಲ್ಲ’ ಅಂದಳು. ಅವತ್ತು ರಾತ್ರಿ ಅತ್ತಳು. ಮಾರನೇ ವಾರ ಫೋನಿನಲ್ಲಿ ಆ ಓಡೋ ಹುಡುಗಿಯ ಕಥೆ ಮುಂದೇನಾಯಿತು ಎಂದು ಕೇಳಿದಳು. ನಮ್ಮಿಬ್ಬರ ನಡುವೆ ಎಷ್ಟೋ ತಿಂಗಳು ಮಾತು ನಡೆದದ್ದು ಹೀಗೆ, ದ್ಯುತಿ ನೆಪದಲ್ಲಿ. ನನ್ನ ಬಗ್ಗೆ ನೇರವಾಗಿ ಕೇಳಲಾಗದ್ದನ್ನು ಅಮ್ಮ ಅವಳ ಬಗ್ಗೆ ಕೇಳುತ್ತಿದ್ದಳು. ನನ್ನ ಬಗ್ಗೆ ಹೇಳಲಾಗದ್ದನ್ನು ನಾನು ಅವಳ ಬಗ್ಗೆ ಹೇಳುತ್ತಿದ್ದೆ. ಜುಲೈಯಲ್ಲಿ ದ್ಯುತಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ ನೂರು ಮೀಟರ್ ಓಟದಲ್ಲಿ ಚಿನ್ನ ಗೆದ್ದಾಗ ಅಮ್ಮ ನನಗೆ ಫೋನ್ ಮಾಡಿದಳು, ನಮ್ಮ ಮನೆ ಹುಡುಗಿಯೇ ಗೆದ್ದ ಹಾಗೆ.

ಹೆಸರು ಮಾಡಿದವರು ಹೇಳಿಕೊಂಡರೆ ಏನಾಗುತ್ತದೆ ಅನ್ನುವವರಿಗೆ ನನ್ನ ಉತ್ತರ ಇದು. ಅವರು ನೋಡೇ ಇರದ ಊರಿನ ಹಜಾರದಲ್ಲಿ ಒಂದು ಮಾತು ಶುರುವಾಗುತ್ತದೆ. ನಮ್ಮಂಥವರು ಮನೆಯಲ್ಲಿ ಬಾಯಿ ತೆಗೆಯಲು ಕಷ್ಟಪಡುವುದಕ್ಕೆ ಭಯ ಒಂದೇ ಕಾರಣವಲ್ಲ. ‘ಇಂಥವರ ಥರ’ ಎಂದು ಬೊಟ್ಟು ಮಾಡಲು ಒಂದು ಮುಖ ಇರುವುದಿಲ್ಲ. ಟಿವಿ ಕಾಮಿಡಿಯಲ್ಲಿ ಸೊಂಟ ಬಳುಕಿಸಿ ನಗಿಸುವ ಪಾತ್ರವನ್ನು ಬಿಟ್ಟರೆ ಅಮ್ಮನ ಕಣ್ಣಿಗೆ ಬೇರೆ ಉದಾಹರಣೆಯೇ ಬಿದ್ದಿರಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ಹುಡುಗಿ ಆ ಜಾಗಕ್ಕೆ ಬಂದು ನಿಂತಳು.

ಅದಕ್ಕೇ ನಾನು, ಹೇಳಿಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ. ಹೇಳಲೇಬೇಕು ಎಂದು ಒತ್ತಾಯಿಸಲು ಮಾತ್ರ ನಾಲಿಗೆ ಬರುವುದಿಲ್ಲ. ಲಾಭ ನನ್ನ ಮನೆಗೆ ಬಂತು, ಬೆಲೆ ತೆತ್ತದ್ದು ದ್ಯುತಿ.

ಆಕೆಯ ಕಥೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಒಡಿಶಾದ ಜಾಜ್‌ಪುರ ಜಿಲ್ಲೆಯ ಚಾಕಾ ಗೋಪಾಲ್‌ಪುರ ಎಂಬ ಹಳ್ಳಿ. ಮಗ್ಗದ ಮನೆ, ಏಳು ಮಕ್ಕಳು. 2014ರಲ್ಲಿ ದೇಹದಲ್ಲಿ ಪುರುಷ ಹಾರ್ಮೋನು ಜಾಸ್ತಿ ಇದೆ ಎಂದು ಓಟದಿಂದ ಹೊರಗಿಟ್ಟರು. ಹದಿನೆಂಟು ವರ್ಷದ ಹುಡುಗಿಯ ದೇಹದ ಬಗ್ಗೆ ದೇಶವೆಲ್ಲ ಮಾತಾಡಿತು. ಆಕೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಗೆದ್ದು ಬಂದಳು. ಇಷ್ಟೆಲ್ಲ ಆದ ಮೇಲೆ ತನ್ನ ಪ್ರೀತಿಯ ವಿಷಯ ಬಹಿರಂಗ ಮಾಡಿದ್ದು ಯಾಕೆ? ಮನೆಯವರೊಬ್ಬರೇ ಇದನ್ನು ಹಿಡಿದುಕೊಂಡು ಬೆದರಿಸುತ್ತಿದ್ದಾರೆ, 25 ಲಕ್ಷ ಕೇಳುತ್ತಿದ್ದಾರೆ ಎಂದು ಆಕೆಯೇ ಪತ್ರಕರ್ತರ ಮುಂದೆ ಹೇಳಿದಳು. ಗುಟ್ಟು ಗೊತ್ತಿದ್ದವರ ಕೈಯಲ್ಲಿ ಜುಟ್ಟು ಇರುತ್ತದೆ. ಆ ಜುಟ್ಟು ಬಿಡಿಸಿಕೊಳ್ಳಲು ಇದ್ದ ಒಂದೇ ದಾರಿ, ಗುಟ್ಟೇ ಇಲ್ಲದಂತೆ ಮಾಡುವುದು. ಅದನ್ನು ಮಾಡಿದಳು. ಊರಿನವರು, ಮನೆಯವರು ತಿರುಗಿಬಿದ್ದರು.

ಗುಜರಾತಿನ ರಾಜಪೀಪ್ಲಾ ರಾಜಮನೆತನದ ಮಾನವೇಂದ್ರ ಸಿಂಗ್ ಗೋಹಿಲ್ ಅವರಿಗೂ ಹೀಗೇ ಆಯಿತು. 2006ರಲ್ಲಿ ಒಂದು ಗುಜರಾತಿ ದಿನಪತ್ರಿಕೆಗೆ ತಾವು ಗೇ ಎಂದು ಹೇಳಿದರು. ಊರಿನ ಜನ ಪ್ರತಿಕೃತಿ ಸುಟ್ಟರು. ಇವನು ನಮ್ಮ ಮಗನಲ್ಲ ಎಂದು ಹೆತ್ತವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಅರಮನೆ ಇದ್ದವರಿಗೇ ಹೀಗಾದರೆ ಬೇರೆಯವರ ಪಾಡೇನು?

ಅವರ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಭಾಗ. 1991ರಲ್ಲಿ ಅವರಿಗೆ ಮದುವೆ ಮಾಡಿದ್ದರು. ಹುಡುಗಿ ಇನ್ನೊಂದು ರಾಜಮನೆತನದವಳು. ಮದುವೆ ಒಂದು ವರ್ಷದ ಆಸುಪಾಸಿನಲ್ಲಿ ಮುರಿಯಿತು. ಆ ಹೆಣ್ಣಿನ ಬದುಕು ತಮ್ಮಿಂದ ಹಾಳಾಯಿತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಈ ಮೌನದ ಬೆಲೆಯನ್ನು ನಾವು ಲೆಕ್ಕ ಹಾಕುವಾಗ ಯಾವಾಗಲೂ ಗಂಡಸಿನ ಕಡೆಯಿಂದಲೇ ಹಾಕುತ್ತೇವೆ. ‘ಮದುವೆ ಮಾಡಿದ್ರೆ ಸರಿಹೋಗ್ತಾನೆ’ ಎಂದು ಹಿರಿಯರು ಹೇಳುವ ಮಾತಿಗೆ ಜೀವ ತೇಯುವವಳು ಯಾವುದೋ ಮನೆಯ ಹುಡುಗಿ. ಗಂಡ ತನ್ನ ಕಡೆ ನೋಡುವುದಿಲ್ಲ, ತನ್ನಲ್ಲೇ ಏನೋ ಕೊರತೆ ಎಂದು ವರ್ಷಗಟ್ಟಲೆ ಕೊರಗುತ್ತಾಳೆ. ಮಕ್ಕಳಾಗದಿದ್ದರೆ ಆಸ್ಪತ್ರೆಗೆ ಓಡಾಡುವವಳೂ ಅವಳೇ, ಬಂಜೆ ಅನ್ನಿಸಿಕೊಳ್ಳುವವಳೂ ಅವಳೇ. ಹೆಸರು ಮಾಡಿದ ಗಂಡಸೊಬ್ಬ ಹೇಳಿಕೊಂಡರೆ ನಾಲ್ಕು ಮನೆಗಳಲ್ಲಾದರೂ ಅಪ್ಪ ಅಮ್ಮ ಮಗನ ಮದುವೆ ಮಾತು ಮುಂದುವರಿಸುವ ಮೊದಲು ಒಂದು ಘಳಿಗೆ ನಿಲ್ಲಬಹುದು. ಸಾರ್ವಜನಿಕ ವ್ಯಕ್ತಿ ಹೇಳಿಕೊಳ್ಳುವುದರಿಂದ ಬಚಾವಾಗುವವರಲ್ಲಿ ಇಂಥ ಹೆಣ್ಣುಮಕ್ಕಳೂ ಇದ್ದಾರೆ.

ಹಾಗಾದರೆ ಯಾರು ಹೇಳಬೇಕು? ನಾನು ನೋಡುವುದು ತಲೆಯ ಮೇಲೆ ಸೂರು ಎಷ್ಟು ಗಟ್ಟಿಯಿದೆ ಎಂದು. ಸಾಲ ಇರುವ, ಗುತ್ತಿಗೆಯ ಮೇಲೆ ಆಡುವ ಆಟಗಾರ್ತಿ, ಒಂದು ಸಿನಿಮಾ ಸೋತರೆ ಮನೆ ಬಾಡಿಗೆ ಕಟ್ಟಲಾಗದ ನಟ, ಮೊದಲ ಸಲ ಗೆದ್ದ ಪಂಚಾಯಿತಿ ಸದಸ್ಯ, ಇವರನ್ನು ಯಾರೂ ಏನೂ ಕೇಳಬಾರದು. ಮೂರು ತಲೆಮಾರಿಗೆ ಸಾಕಾಗುವಷ್ಟು ಇರುವವರು, ಒಂದು ಫೋನ್ ಕರೆಗೆ ಮಂತ್ರಿಗಳು ಸಿಗುವವರು, ಅವರ ಬಗ್ಗೆ ನನಗೆ ನಿರೀಕ್ಷೆ ಜಾಸ್ತಿ. ನಮ್ಮ ದೇಶದಲ್ಲಿ ಇದು ತಿರುಗುಮುರುಗಾಗಿ ನಡೆದಿದೆ. ಮಗ್ಗದ ಮನೆಯ ಹುಡುಗಿ ಹೇಳಿದಳು, ಬಂಗಲೆಗಳು ಸುಮ್ಮನಿದ್ದವು.

ಬಂಗಲೆಯವರಿಗೂ ಅವರ ಭಯ ಇರುತ್ತದೆ ಅನ್ನುವುದು ನನಗೆ ಗೊತ್ತು. ನಿರ್ಮಾಪಕ ಕರಣ್ ಜೋಹರ್ 2017ರ ತಮ್ಮ ಆತ್ಮಕಥೆಯಲ್ಲಿ ಈ ವಿಷಯ ಎತ್ತಿದ್ದರು. ನನ್ನ ಒಲವು ಏನೆಂದು ಎಲ್ಲರಿಗೂ ಗೊತ್ತು, ಕೂಗಿ ಹೇಳಬೇಕಿಲ್ಲ, ಆ ಮೂರು ಪದ (ಇಂಗ್ಲಿಷಿನ ‘ಐ ಆ್ಯಮ್ ಗೇ’) ಹೇಳಿದರೆ ಜೈಲಿಗೆ ಹಾಕಬಹುದಾದ ದೇಶದಲ್ಲಿದ್ದೇನೆ, ಅದಕ್ಕೆ ಹೇಳುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ಬಹಳ ಜನ ಅವರನ್ನು ಬೈದರು, ಪುಕ್ಕಲ ಎಂದರು. ನನಗೆ ಬೈಯಬೇಕೆನಿಸಲಿಲ್ಲ. ಆಗ ಆ ಕಾನೂನು ಇತ್ತು, ಅವರು ಹೇಳಿದ ಭಯ ನಿಜದ್ದು. ಹೇಳದೆ ಇರುವ ಕಾರಣವನ್ನೇ ಬರೆದು ಇಟ್ಟದ್ದು ಆ ಕಾನೂನಿನ ಮುಖಕ್ಕೆ ಕನ್ನಡಿ ಹಿಡಿದಂತೆಯೇ ಇತ್ತು.

ಹೇಳಲು ಮನಸ್ಸಿಲ್ಲದವರ ಗುಟ್ಟನ್ನು ಬೇರೆಯವರು ಬಯಲಿಗೆಳೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. 2010ರ ಫೆಬ್ರವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದು ನುಗ್ಗಿದರು. ವಿಶ್ವವಿದ್ಯಾಲಯ ಅವರನ್ನೇ ಅಮಾನತು ಮಾಡಿತು. ಏಪ್ರಿಲ್ ಮೊದಲ ದಿನ ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಒಂದು ವಾರದೊಳಗೆ ಅವರು ಬಾಡಿಗೆ ಮನೆಯಲ್ಲಿ ಶವವಾಗಿ ಸಿಕ್ಕರು. ದೆಹಲಿ ಹೈಕೋರ್ಟಿನ ತೀರ್ಪು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಲಿಂಗಿಗಳ ವಿರುದ್ಧವೇ ಭಾಷಣ ಮಾಡುತ್ತಾ ಒಳಗೊಳಗೆ ತಾನೂ ಅದೇ ಆಗಿರುವ ರಾಜಕಾರಣಿಯ ಮುಖವಾಡ ಕಳಚಬೇಡವೇ ಎಂದು ಸ್ನೇಹಿತರು ಕೇಳುತ್ತಾರೆ. ಅವನ ಭಾಷಣವನ್ನು ಹರಿದು ಹಾಕಿ, ಅವನ ಮತವನ್ನು ಪ್ರಶ್ನಿಸಿ, ಚುನಾವಣೆಯಲ್ಲಿ ಸೋಲಿಸಿ. ಕ್ಯಾಮೆರಾ ಹಿಡಿದು ಬಾಗಿಲು ಒಡೆಯುವ ಅಭ್ಯಾಸ ಒಮ್ಮೆ ಬೆಳೆದರೆ ಮುಂದಿನ ಬಾಗಿಲು ರಾಜಕಾರಣಿಯದಾಗಿರುವುದಿಲ್ಲ, ಮೇಷ್ಟ್ರದಾಗಿರುತ್ತದೆ.

ಹೇಳಿಕೊಂಡ ಮೇಲೂ ಚೆನ್ನಾಗಿ ನಡೆದದ್ದುಂಟು. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ತಾನು ಗೇ ಎಂದು ಪತ್ರಿಕೆಗೆ ಹೇಳಿದಾಗ, ಅಂತರರಾಷ್ಟ್ರೀಯ ಕ್ರಿಕೆಟ್ ಆಡುತ್ತಿರುವಾಗಲೇ ಹಾಗೆ ಹೇಳಿದ ಮೊದಲ ಆಟಗಾರನಾದ. ಪತ್ರಿಕೆಗೆ ಹೋಗುವ ಮುಂಚೆ ತಂಡಕ್ಕೆ ಗೊತ್ತಿತ್ತು. ಆಸ್ಟ್ರೇಲಿಯಾದ ಆ್ಯಶಸ್ ಪ್ರವಾಸದ ಹೊತ್ತಿಗೇ ಜೊತೆಗಾರರಿಗೆಲ್ಲ ತಿಳಿದಿತ್ತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅವನಿಗೆ ಧೈರ್ಯ ಕೊಟ್ಟದ್ದು ವೇಲ್ಸ್‌ನ ರಗ್ಬಿ ಆಟಗಾರ ಗರೆತ್ ಥಾಮಸ್, 2009ರಲ್ಲಿ ತಾನು ಗೇ ಎಂದು ಹೇಳಿದವನು. ಒಬ್ಬರಿಂದ ಇನ್ನೊಬ್ಬರಿಗೆ ದಾಟಿದೆ ಧೈರ್ಯ. ನಮ್ಮ ಡ್ರೆಸ್ಸಿಂಗ್ ರೂಮುಗಳಲ್ಲಿ ಅದು ಯಾವಾಗ ದಾಟುತ್ತದೋ.

ಕನ್ನಡದಲ್ಲಿ ದಾಟಿಸಿದವರು ವಸುಧೇಂದ್ರ. ಸಂಡೂರಿನವರು, ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಅಮ್ಮನ ಬಗ್ಗೆ ಬರೆದ ಪ್ರಬಂಧಗಳಿಂದ ಕನ್ನಡದ ಎಷ್ಟೋ ಮನೆಗಳಲ್ಲಿ ಪ್ರೀತಿ ಗಳಿಸಿದ್ದವರು. 2013ರಲ್ಲಿ ‘ಮೋಹನಸ್ವಾಮಿ’ ಕಥೆಗಳನ್ನು ತಂದರು, ತಾವೂ ಗೇ ಎಂದು ಹೇಳಿಕೊಂಡರು. ಅದೇ ವರ್ಷದ ಕೊನೆಗೆ ಸುಪ್ರೀಂ ಕೋರ್ಟಿನ ಆ ತೀರ್ಪು ಬಂತು. ಪುಸ್ತಕ ಹೊರಬಂದ ಮೇಲೆ ಸಣ್ಣ ಊರುಗಳ ಹುಡುಗರು ತಮ್ಮ ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಬಂದದ್ದನ್ನು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಅದೇ ವಿಷಯದ ಎಷ್ಟೋ ಪುಸ್ತಕ ಅಷ್ಟರಲ್ಲಿ ಬಂದಿದ್ದವು. ಆ ಹುಡುಗರ ಕೈಗೆ ಅವು ಸಿಗಲಿಲ್ಲ, ಸಿಕ್ಕಿದ್ದರೂ ತಮ್ಮವು ಅನ್ನಿಸುತ್ತಿತ್ತೋ ಇಲ್ಲವೋ.

ಇದು ನನಗೆ ದೊಡ್ಡ ವಿಷಯ ಅನ್ನಿಸುತ್ತದೆ. ನಮ್ಮಲ್ಲಿ ಹೇಳಿಕೊಂಡವರಲ್ಲಿ ಬಹಳ ಜನ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಓದುಗರಿಗೆ, ದೆಹಲಿ ಮುಂಬೈಗಳಲ್ಲಿ ಹೇಳಿಕೊಂಡವರು. ಅಲ್ಲಿ ಹೇಳಿದರೆ ಸ್ವಲ್ಪ ಸುರಕ್ಷಿತ. ಮಾನವೇಂದ್ರ ಗುಜರಾತಿ ಪತ್ರಿಕೆಗೆ ಹೇಳಿದ್ದಕ್ಕೇ ಅದು ರಾಜಪೀಪ್ಲಾದ ಬೀದಿಗೆ ಮುಟ್ಟಿತು. ಬೆಂಕಿ ಹಚ್ಚಿದವರಿಗೂ ಮುಟ್ಟಿತು, ಒಳಗೇ ಬೇಯುತ್ತಿದ್ದವರಿಗೂ ಮುಟ್ಟಿತು. ತಾಯ್ನುಡಿಯಲ್ಲಿ ಹೇಳುವವರಿಗೆ ಅಪಾಯ ಹೆಚ್ಚು. ಹಜಾರದಲ್ಲಿ ಕೂತ ಅಮ್ಮಂದಿರ ಕೈಗೆ ತಲುಪುವುದೂ ಅದೇ.

ಕನ್ನಡ ಸಿನಿಮಾದಲ್ಲಿ, ಕರ್ನಾಟಕದ ರಾಜಕೀಯದಲ್ಲಿ, ನಮ್ಮ ಕ್ರಿಕೆಟಿನಲ್ಲಿ ಇಂಥವರು ಯಾರಿದ್ದಾರೆ ಎಂದು ಊಹೆ ಮಾಡುವ ಆಟ ನನಗೆ ಬೇಡ. ಇದ್ದರೆ, ಸೂರು ಗಟ್ಟಿ ಇದ್ದರೆ, ಮನಸ್ಸು ಬಂದರೆ, ಕನ್ನಡದಲ್ಲಿ ಹೇಳಲಿ. ಮೊದಲು ಮನೆಯವರಿಗೆ, ಜೊತೆ ಕೆಲಸ ಮಾಡುವವರಿಗೆ ಹೇಳಿ, ಅವರು ಸುಧಾರಿಸಿಕೊಳ್ಳಲು ಬೇಕಾದಷ್ಟು ದಿನ ಕೊಟ್ಟು, ಆಮೇಲೆ ಕ್ಯಾಮೆರಾ ಮುಂದೆ ಕೂರಲಿ. ಎದುರು ಕೂತ ನಿರೂಪಕರಿಗೂ ಒಂದು ಮಾತು. ಅವತ್ತು ಒಬ್ಬ ಸ್ವಾಮೀಜಿ, ಒಬ್ಬ ಜ್ಯೋತಿಷಿ, ಒಬ್ಬ ಡಾಕ್ಟರನ್ನು ಕರೆದು ಕೂರಿಸಬೇಡಿ. ಗಂಡ ಯಾರು ಹೆಂಡತಿ ಯಾರು ಎಂದು ಕೇಳಬೇಡಿ. ಎಷ್ಟು ವರ್ಷದಿಂದ ಜೊತೆಗಿದ್ದೀರಿ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಮುಂದಿನ ಸಿನಿಮಾ ಯಾವಾಗ ಶುರು ಎಂದು ಕೇಳಿ, ಬೇರೆ ಎಲ್ಲರನ್ನೂ ಕೇಳುವ ಹಾಗೆ.